ಕರಿಬೇವಿನ ಬುಡದ ಉಪ್ಪು

ಆರತಿ ಪೆಟ್ರಿ ತಟ್ಟೆಯ ಮುಚ್ಚಳ ತೆಗೆದು ಬೆಳಕಿಗೆ ಹಿಡಿದಳು. ಒಳಗೆ ಏನೂ ಬೆಳೆದಿರಲಿಲ್ಲ. ಬೇರಿನ ಸುತ್ತಲಿನ ಮಣ್ಣಿನಿಂದ ಸೂಕ್ಷ್ಮಜೀವಿಗಳನ್ನು ಬೆಳೆಸಿ ನೋಡುವುದೇ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಆ ಲ್ಯಾಬಿನಲ್ಲಿ ಅವಳ ಕೆಲಸ. ಟೊಮೇಟೊ ಬೇರಿನ ತಟ್ಟೆಗಳಲ್ಲಿ ಅವು ಹಾಲಿನ ಕೆನೆಯಂತೆ ಹಬ್ಬಿದ್ದವು. ಅವಳ ಮನೆಯ ಬಾಲ್ಕನಿಯಲ್ಲಿ ಒಣಗುತ್ತಿದ್ದ ಕರಿಬೇವಿನ ಗಿಡದ ಮಣ್ಣು ತಂದು ಹಾಕಿದ್ದ ಈ ತಟ್ಟೆ ಮಾತ್ರ ಬೋಳು. ಮಣ್ಣಿನಲ್ಲಿ ಉಪ್ಪು ವಿಪರೀತ ಎಂದು ಮೀಟರು ತೋರಿಸಿತು. ಎರಡು ತಿಂಗಳಿಂದ ಯಾವುದಕ್ಕೂ ಏನೂ ಅನ್ನಿಸದ ಆರತಿಗೆ ಇದಕ್ಕೂ ಏನೂ ಅನ್ನಿಸಲಿಲ್ಲ. ಆದರೂ ಮನೆಗೆ ಫೋನು ಮಾಡಿದಳು.

“ಅವ್ವಾ, ಕರಿಬೇವಿಗೆ ಉಪ್ಪು ಹಾಕೀಯೇನು?”

ಬಾಣಂತನಕ್ಕೆಂದು ಹುಬ್ಬಳ್ಳಿಯಿಂದ ಬಂದು, ಬಾಣಂತನವಿಲ್ಲದೆ ಉಳಿದಿದ್ದ ಬಂಗಾರೆವ್ವ ತಡವರಿಸಿದಳು. “ದೃಷ್ಟಿ ತಗದ ಉಪ್ಪವ್ವಾ ಅದು. ದಿನಾ ನೀ ಮಲ್ಕೊಂಡಾಗ ತಗೀತೀನಿ. ಮಂದಿ ತುಳೀಬಾರದಂತ ನೀರಾಗ ಕರಗಿಸಿ ಗಿಡದ ಬುಡಕ್ಕ ಹಾಕ್ತೀನಿ.”

“ಹೊಟ್ಟ್ಯಾಗಿನ ಕೂಸು ಹೋಗಿ ಎರಡು ತಿಂಗಳಾತು. ಇನ್ನ ಯಾರಿಗೆ ತಗೀತಿ?”

“ನೀ ಅದೀಯಲ್ಲ.”

ಕಸಕ್ಕೆ ಹಾಕಲೆಂದು ಎತ್ತಿಕೊಂಡಿದ್ದ ತಟ್ಟೆಗೆ ಆರತಿ ಮತ್ತೆ ಮುಚ್ಚಳ ಹಾಕಿದಳು. ಇನ್ನೆರಡು ದಿನ ಇರಲಿ ಎಂದು ಅದನ್ನು ಸೂಕ್ಷ್ಮಜೀವಿಗಳನ್ನು ಬೆಳೆಸುವ ಬೆಚ್ಚಗಿನ ಪೆಟ್ಟಿಗೆಯೊಳಗೆ ವಾಪಸ್ ಇಟ್ಟಳು.