ಒಳಚಿಲಕ

ಕಾಂಚನಾ ಓಡಿಬಂದು ಮಗಳ ಕೈಯಿಂದ ಕಲ್ಲು ಕಿತ್ತುಕೊಳ್ಳುವಷ್ಟರಲ್ಲಿ ಮಲಗುವ ಕೋಣೆಯ ಹೊಸ ಚಿಲಕ ಮುರಿದು ಬಿದ್ದಿತ್ತು. “ಹಾಳಾದಾಕಿ! ಹಳೇದೂ ಮುರದಿ. ಇದು ನಿನ್ನೆ ಲಕ್ಷ್ಮೇಶ್ವರದಿಂದ ತಂದು ಹಾಕ್ಸಿದ್ದು! ದೆವ್ವ ಬಡದೈತೇನ ನಿನಗ?” ಎಂದು ಬೆನ್ನಿಗೆ ಬಾರಿಸಿದಳು. ಎಂಟು ವರ್ಷದ ನೇತ್ರಾ ಅಳಲಿಲ್ಲ. ಹಲ್ಲು ಕಚ್ಚಿ, ಬಾಗಿಲಲ್ಲಿ ಉಳಿದ ಮೊಳೆಯನ್ನೂ ಉಗುರಿನಿಂದ ಕೀಳತೊಡಗಿದಳು. ಬೆರಳಿನಿಂದ ರಕ್ತ ಬಂತು.

ಕಾಂಚನಾ ಆ ಕೈ ಹಿಡಿದೆಳೆದಳು. “ಯಾಕ ಮುರೀತಿ? ಬಾಯಿಬಿಟ್ಟು ಹೇಳು!”

“ಅಪ್ಪ ಒಳಗ ಚಿಲಕ ಹಾಕ್ಕೊಂಡು ನಿನ್ನ ಹೊಡೀತಾನ!” ಮಗಳು ತಾಯಿಗಿಂತ ಜೋರಾಗಿ ಚೀರಿದಳು. “ನಾ ಎಷ್ಟು ಬಾಗಲಾ ಬಡದ್ರೂ ತಗಿಯಂಗಿಲ್ಲ. ಚಿಲಕ ಇಲ್ಲಂದ್ರ ನಾ ಒಳಗ ಬರ್ತೀನಿ.”

ಕಾಂಚನಾಳ ಹಿಡಿತ ಸಡಿಲವಾಯಿತು. ಬಾಯಿಗೆ ಸೆರಗು ತುರುಕಿಕೊಂಡು ಹೊಡೆತ ತಿಂದರೆ ಮಗುವಿಗೆ ಏನೂ ತಿಳಿಯುವುದಿಲ್ಲ, ಅದು ಬಾಗಿಲು ಬಡಿಯುವುದು ಒಂಟಿಯಾಗಿ ಮಲಗಲು ಹೆದರಿ ಎಂದೇ ಅವಳು ನಂಬಿದ್ದಳು.

ಗದ್ದಲ ಕೇಳಿ ಗಂಡ ಭೀಮೇಶ ಒಳಗೆ ನುಗ್ಗಿದ. “ಮತ್ತ ಮುರದ್ಲೇನ? ಇವತ್ತ ಆಕಿ ಕೈ ಮುರೀತೀನಿ!” ಎಂದು ಕೈಯೆತ್ತಿದ.

ಕಾಂಚನಾ ಮಗಳನ್ನು ಬೆನ್ನ ಹಿಂದೆ ಸರಿಸಿ ಅವನೆದುರು ನಿಂತಳು. ಮದುವೆಯಾದಾಗಿನಿಂದ ಅವನನ್ನು ‘ರೀ’ ಎಂದೇ ಕರೆದವಳು.

“ಇನ್ನ ಈ ಕ್ವಾಣಿಗೆ ಚಿಲಕ ಹಾಕಂಗಿಲ್ಲ. ಹೊಡಿಯೂದಿದ್ರ ಬಾಗಲಾ ತಗದು, ಓಣಿ ಮಂದಿ ನೋಡೂಹಂಗ ಹೊಡಿ,” ಎಂದಳು. “ಹೊಡಿ ಲೇ, ನೋಡೂಣು!”