ಮೊದಲು ಅಣ್ಣನದು

ಶಮೀರನ ಕಂಪ್ಯೂಟರಿನಲ್ಲಿ ಝಡ್ ಡ್ರೈವಿನ ಮೇಲೆ ಮತ್ತೆ ಕೆಂಪು ಗುರುತು ಬಿದ್ದಿತ್ತು. ಇದೊಂದೇ ಕೆಲಸಕ್ಕೆ ಕಂಪ್ಯೂಟರ್ ರಿಪೇರಿಯ ಧನರಾಜ್ ಶಿರ್ತಾಡಿಯಿಂದ ಮೂಡುಬಿದಿರೆಗೆ ಬೈಕ್ ಓಡಿಸಿಕೊಂಡು ಬಂದದ್ದು ಎಷ್ಟನೇ ಸಲವೋ. ಅವನು ಬಂದು ಕೂತರೆ ಎಲ್ಲ ಸರಿಯಾಗುತ್ತದೆ, ಮರುದಿನ ಬೆಳಿಗ್ಗೆ ಮತ್ತೆ ಫೋನು. ಯಾವ ಜನ್ಮದ ಕರ್ಮವೋ ಎಂದು ಗೊಣಗುತ್ತಲೇ ಕುರ್ಚಿ ಎಳೆದುಕೊಂಡ.

ಅಣ್ಣ ಸುಲೈಮಾನ್, ತಮ್ಮ ಶಮೀರ್ ಇಬ್ಬರೂ ಅಪ್ಪನ ಪೈಪಿನ ಅಂಗಡಿಗೆ ನಡುವೆ ಗೋಡೆ ಎಬ್ಬಿಸಿ, ಮಾತು ಬಿಟ್ಟು ಕೂತಿದ್ದರು. ಹಿಂದಿನ ಗೋಡೌನ್ ಮಾತ್ರ ಹೆತ್ತ ಉಮ್ಮನ ಹಟದಿಂದ ಇನ್ನೂ ಒಂದಾಗಿ ಉಳಿದಿತ್ತು. ಅದರ ಸ್ಟಾಕ್ ಇದ್ದದ್ದು ಅಣ್ಣನ ಕಂಪ್ಯೂಟರಿನಲ್ಲಿ. ಗೋಡೆಗೆ ತೂತು ಕೊರೆದು, ಕೇಬಲ್ ಎಳೆದು, ತಮ್ಮನಿಗೂ ಅದು ಕಾಣುವ ಹಾಗೆ ಮಾಡಿಕೊಟ್ಟವನು ಧನರಾಜನೇ. ಡ್ರೈವ್ ತೆರೆಯದಿದ್ದರೆ ಒಳಗೆ ಏನುಂಟು ಏನಿಲ್ಲ ಎಂದು ಶಮೀರನಿಗೆ ತಿಳಿಯುವುದಿಲ್ಲ. ಕಾದು ಬೇಸತ್ತ ಗಿರಾಕಿ ಸೀದಾ ಅಣ್ಣನ ಅಂಗಡಿಗೆ ಹೋಗುತ್ತಾನೆ.

"ಅವರು ಬೇಕೂಂತಲೇ ಕಟ್ ಮಾಡುದು," ಎಂದ ಶಮೀರ್. "ನನಗೆ ಸಾಕಾಯ್ತು ಮಾರಾಯ. ನಾಳೆಯೂ ಹೀಗೇ ಆದ್ರೆ ಗೋಡೌನಿಗೂ ಗೋಡೆ. ಶೀನಪ್ಪ ಮೇಸ್ತ್ರಿಗೆ ಬೆಳಿಗ್ಗೆ ಬರ್ಲಿಕ್ಕೆ ಹೇಳಿ ಆಗಿದೆ."

ಧನರಾಜ್ ಸಿಟ್ಟಿನಿಂದ ಕೀಬೋರ್ಡ್ ಎಳೆದುಕೊಂಡ. ಶಮೀರನೂ ಅವನೂ ಒಂದೇ ಕ್ಲಾಸಿನವರು. ಶಾಲೆ ಬಿಟ್ಟ ಮೇಲೆ ಆ ಗೋಡೌನಿನ ಪೈಪಿನ ರಾಶಿ ಮೇಲೆ ಕೂತು ಅಣ್ಣನೂ ಸೇರಿ ಮೂವರೂ ಎಷ್ಟು ಹರಟಿದ್ದರು. ಧನರಾಜ್ ಕೇಬಲ್ ಕಿತ್ತು ಹಾಕಿದ, ಡ್ರೈವ್ ಅಳಿಸಿ ಹೊಸದಾಗಿ ಜೋಡಿಸಿದ, ಪಾಸ್‌ವರ್ಡ್ ಮತ್ತೆ ಬಡಿದ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದ್ದೇ ತಡ, ಕೆಂಪು ಗುರುತು ಮಾಯ. ಅದನ್ನು ನೋಡಿ ಅವನ ಸಿಟ್ಟು ಇನ್ನೂ ಹೆಚ್ಚಿತು. ಈಗ ಸಿಕ್ಕಿದ್ದು ಬೆಳಿಗ್ಗೆ ಯಾಕೆ ಸಿಗುವುದಿಲ್ಲ?

ಅಂಗಳ ದಾಟಿ ಅಣ್ಣನ ಅಂಗಡಿಗೆ ನುಗ್ಗಿ, ದಿನಾ ಕಂಪ್ಯೂಟರಿಗೆ ಏನು ಮಾಡ್ತೀರಿ ಎಂದು ಕೇಳಿಯೇಬಿಟ್ಟ.

"ಏನು ಮಾಡ್ಲಿಕ್ಕುಂಟು?" ಸುಲೈಮಾನ್ ಬಿಲ್ಲಿನಿಂದ ತಲೆ ಎತ್ತಲಿಲ್ಲ. "ಸಿಡಿಲು ಬಡಿದೀತೂಂತ ಸಂಜೆ ಮೈನ್ ಸ್ವಿಚ್ ತೆಗೀತೇನೆ. ಬೆಳಿಗ್ಗೆ ಒಂಬತ್ತಕ್ಕೆ ಬಂದು, ಗುಡಿಸಿ, ಒರೆಸಿ, ಆಮೇಲೆ ಹಾಕ್ತೇನೆ. ಕಟ್ ಮಾಡ್ಲಿಕ್ಕೆ ನನಗೆ ಬೇರೆ ಕೆಲಸ ಇಲ್ಲ, ಹೇಳು ಅವನಿಗೆ."

ಧನರಾಜ್ ಹಣೆ ಚಚ್ಚಿಕೊಂಡ. ಗೋಡೆ ಎದ್ದ ದಿನದಿಂದ ಶಮೀರ್ ಅಣ್ಣನಿಗಿಂತ ಮುಂಚೆ ಎಂಟಕ್ಕೇ ಅಂಗಡಿ ತೆಗೆಯುತ್ತಾನೆ. ಅವನ ಕಂಪ್ಯೂಟರ್ ಏಳುತ್ತಲೇ ಅಣ್ಣನದನ್ನು ಹುಡುಕುತ್ತದೆ, ಅದು ಮಲಗಿರುತ್ತದೆ, ಹುಡುಕುವುದನ್ನು ಬಿಟ್ಟುಬಿಡುತ್ತದೆ. ಇಷ್ಟೇ. ಇಷ್ಟಕ್ಕೆ ಧನರಾಜ್ ಎರಡು ಕೇಬಲ್ ಬದಲಿಸಿದ್ದ.

ಇಬ್ಬರಿಗೂ ಕೇಳುವ ಹಾಗೆ ಅಂಗಳದಲ್ಲಿ ನಿಂತು ಹೇಳಿದ: ಮೊದಲು ಅಣ್ಣನದು ಆನ್ ಆಗಬೇಕು, ಆಮೇಲೆ ತಮ್ಮನದು. ಬೇರೆ ಏನೂ ತೊಂದರೆ ಇಲ್ಲ.

"ಅವರದು ಆನ್ ಆಯ್ತೂಂತ ನನಗೆ ಹೇಗೆ ಗೊತ್ತಾಗುದು? ಅವರತ್ರ ಕೇಳು," ಎಂದ ಶಮೀರ್.

"ಅದನ್ನೂ ನಾನು ಹೋಗಿ ಹೇಳ್ಬೇಕಂತಾ? ಅವನತ್ರ ಕೇಳು," ಎಂದರು ಸುಲೈಮಾನ್.

ಇಬ್ಬರ ನಡುವೆ ಮೂರು ಮಾರು ದೂರ ಇರಲಿಲ್ಲ. "ನಾನೇನು ಕೇಬಲಾ ಮಾರಾಯ್ರೇ?" ಎಂದು ಧನರಾಜ್ ಬೈಕಿಗೆ ಒದ್ದು ಹೊರಟೇಹೋದ.

ಏನಾದರೂ ಮಾಡಿಕೊಳ್ಳಲಿ ಎಂದುಕೊಂಡರೂ ಮನಸ್ಸು ಕೇಳಲಿಲ್ಲ. ಮರುದಿನ ಯಾರೂ ಕರೆಯದೆಯೇ ಬಂದ. ಶಮೀರನ ಜಗಲಿಯಲ್ಲಿ ಶೀನಪ್ಪ ಮೇಸ್ತ್ರಿ ಕರಣೆ, ನೂಲುಗುಂಡು ಹರಡಿಕೊಂಡು, ಶುರು ಮಾಡುವನಾ ಎಂದು ಕೇಳುತ್ತಿದ್ದ. ಶಮೀರ್ ಕಂಪ್ಯೂಟರ್ ಆನ್ ಮಾಡದೆ, ಕತ್ತಲೆ ಪರದೆಯ ಮುಂದೆ ಕೈಕಟ್ಟಿ ಕೂತಿದ್ದ. ಆಚೆ ಶಟರ್ ಎದ್ದ ಸದ್ದಾಯಿತು. ಗುಡಿಸಿದ ಸದ್ದು, ಒರೆಸಿದ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮೇಸ್ತ್ರಿ ಎದ್ದು ನಿಂತ.

ಗೋಡೆಯ ಆಚೆಯಿಂದ ಒಂದು ಕೆಮ್ಮು ಬಂತು. ಶೀತದ ಕೆಮ್ಮಲ್ಲ, ಮನೆ ಬಾಗಿಲಲ್ಲಿ ನಿಂತವರು ಕೆಮ್ಮುವ ಕೆಮ್ಮು.

ಶಮೀರ್ ಬಟನ್ ಒತ್ತಿದ. ಪರದೆ ಬೆಳಗಿತು, ಝಡ್ ಡ್ರೈವ್ ಗುರುತಿಲ್ಲದೆ ತೆರೆಯಿತು. ಅವನು ಧನರಾಜನ ಮುಖ ನೋಡಲಿಲ್ಲ, ಮೇಸ್ತ್ರಿಯ ಮುಖವನ್ನೂ ನೋಡಲಿಲ್ಲ. ಗೋಡೆಯ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, ತಾನೂ ಒಮ್ಮೆ ಕೆಮ್ಮಿದ.

ಶೀನಪ್ಪ ಕರಣೆಯನ್ನು ಚೀಲಕ್ಕೆ ಹಾಕಿಕೊಂಡ.