ಹನ್ನೊಂದು ನಿಮಿಷದ ಅಪ್ಪ

"ಕಣ್ಣು ಮುಚ್ಕೊಂಡು ಕೇಳಮ್ಮ," ಎಂದು ಮಗಳು ಹೆಡ್‌ಫೋನನ್ನು ತಾಯಿಯ ಕಿವಿಗೆ ಕೂರಿಸಿದಳು. "ಆಗ್ಲೇ ನಲವತ್ತಮೂರು ಜನ ಕೇಳಿದಾರೆ. ಎಲ್ಲೂ ಬೇಜಾರಾಗ್ಲಿಲ್ಲ ಅಂದ್ರು ನಮ್ಮ ಮೇಷ್ಟ್ರು."

ಅಪ್ಪ ತೀರಿಕೊಂಡು ಐದು ತಿಂಗಳಾಗಿತ್ತು. ಟಾಕೀಸಿನಲ್ಲಿ ಇಪ್ಪತ್ತಾರು ವರ್ಷ ಪ್ರೊಜೆಕ್ಟರ್ ಓಡಿಸಿದವನು. ಕೊನೆಯ ಬೇಸಿಗೆಯಲ್ಲಿ ಮಗಳು ಊಟದ ಮೇಜಿನ ಮೇಲೆ ಫೋನಿಟ್ಟು ಅವನನ್ನು ಮಾತಾಡಿಸಿದ್ದಳು. ಮನೆಯಲ್ಲಿ ಉಳಿದಿದ್ದ ಅವನ ದನಿ ಅದೊಂದೇ. ಅದನ್ನೇ ಈಗ ಡಿಜಿಟಲ್ ಮಾಧ್ಯಮದ ತರಗತಿಗೆಂದು ಒಂದು ಕಾರ್ಯಕ್ರಮ ಮಾಡಿ ಇಂಟರ್‌ನೆಟ್ಟಿಗೆ ಏರಿಸಿದ್ದಳು.

ತಾಯಿ ಕೇಳುತ್ತಾ ಕೂತಳು. ರೀಲು ತುಂಡಾದ ದಿನದ ಮಾತು ಬಂದಾಗ ತುಟಿಯಂಚಿನಲ್ಲಿ ನಕ್ಕಳು. ಆಮೇಲೆ ಹುಬ್ಬು ಗಂಟಾಯಿತು. "ನನ್ನ ಕರೀತಾರಲ್ಲ, ಅದನ್ನ ಇನ್ನೊಂದ್ಸಲ ಹಾಕು," ಎಂದಳು. ಮಗಳು ಹಿಂದಕ್ಕೆ ಸರಿಸಿ ಮತ್ತೆ ಹಾಕಿದಳು. 'ಗುಬ್ಬೀ, ಟಾಕೀಸು ಮುಚ್ಚಿದ್ದು ಯಾವ ವರ್ಷ?' ಗುಬ್ಬಿ ಎನ್ನುವುದು ಮದುವೆಗೆ ಮುಂಚಿನಿಂದಲೂ ಅವನು ಅವಳಿಗೆ ಇಟ್ಟುಕೊಂಡಿದ್ದ ಹೆಸರು. ತಾಯಿ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಯಾರೇ ಇದು?"

"ಅಯ್ಯೋ, ಅಪ್ಪ ಕಣಮ್ಮ!"

"ದನಿ ಅವರದ್ದೇ. ಕರೆದೋರು ಯಾರು ಅಂದೆ."

ಮಗಳಿಗೆ ನಗು ಬಂತು. "ಉಗ್ಗೆಲ್ಲಾ ತೆಗೆದಿದೀನಿ. ಇಪ್ಪತ್ತೆರಡು ನಿಮಿಷ ಇದ್ದದ್ದು ಹನ್ನೊಂದಕ್ಕೆ ಬಂತು ನೋಡು!" ಕೇಳುವವರು ಎಲ್ಲೆಲ್ಲಿ ಬಿಟ್ಟುಹೋಗುತ್ತಾರೆ ಎಂಬುದನ್ನು ತರಗತಿಯಲ್ಲಿ ಒಂದು ಗೆರೆಯಾಗಿ ತೋರಿಸಿದ್ದರು. ಮಾತು ಎರಡು ಸೆಕೆಂಡು ನಿಂತರೂ ಸಾಕು, ಗೆರೆ ಕುಸಿಯುತ್ತಿತ್ತು. ಅವಳು ನಾಲ್ಕು ದಿನ ಫೋನ್ ಹಿಡಿದು ಕೂತು ಅಪ್ಪ ಸಿಕ್ಕಿಕೊಂಡ ಒಂದೊಂದು ಜಾಗವನ್ನೂ ಹುಡುಕಿ ತೆಗೆದಿದ್ದಳು. ಬರೀ ಅಂಕಕ್ಕಾಗಿ ಅಲ್ಲ. ಅಂಗಡಿಯಲ್ಲಿ ಬೇಕಾದ ವಸ್ತುವಿನ ಹೆಸರು ಹೇಳಲಾಗದೆ ಬೆರಳು ತೋರಿಸಿ ತರುತ್ತಿದ್ದ ಮನುಷ್ಯ ಅವನು. ಹೊರಗಿನವರ ಮುಂದೆ ಒಮ್ಮೆಯಾದರೂ ಅಪ್ಪ ಸಲೀಸಾಗಿ ಮಾತಾಡಲಿ ಎಂದು ಅವಳ ಆಸೆ.

"ಟಿಕೆಟ್ ಕಿಟಕೀಲಿ ನಾನು ಕೂತಿರ್ತಿದ್ದೆ," ತಾಯಿ ಗೋಡೆ ನೋಡುತ್ತಾ ಹೇಳಿದಳು. "ಮೇಲೆ ಪ್ರೊಜೆಕ್ಟರ್ ರೂಮಿಂದ ಕರೆಯೋರು, ಗು, ಗು, ಗು ಅಂತ. ಸಾಲಲ್ಲಿ ನಿಂತೋರು, 'ಅಕ್ಕಾ, ಅದು ಮುಗಿಯೋದು ಇಂಟರ್‌ವೆಲ್‌ಗೇ, ನಮಗೆ ಟಿಕೆಟ್ ಕೊಟ್ಟು ಹೋಗಿ' ಅಂತ ನಗೋರು. ಹದಿನೆಂಟು ಮೆಟ್ಟಿಲು. ಹೆಸರು ಮುಗಿಯೋದ್ರೊಳಗೆ ಹತ್ತಿ ಎದುರಿಗೆ ನಿಂತಿರ್ತಿದ್ದೆ. ಕೊನೇ ಅಕ್ಷರ ನನ್ನ ಮುಖ ನೋಡ್ಕೊಂಡೇ ಹೇಳೋರು." ತೊಡೆಯ ಮೇಲಿನ ಹೆಡ್‌ಫೋನನ್ನು ಬೆರಳಿಂದ ತಟ್ಟಿದಳು. "ಇದ್ರಲ್ಲಿ ನಾನು ಏಳೋದ್ರೊಳಗೇ ಮುಗಿದ್ಹೋಯ್ತಲ್ಲೇ."

ಮಗಳು ಹೆಡ್‌ಫೋನ್ ಎತ್ತಿಕೊಂಡಳು.

"ಹೋಗ್ಲಿ, ಮೊದಲಿನದ್ದು ಹಾಕು. ಇಪ್ಪತ್ತೆರಡು ನಿಮಿಷದ್ದು."

"ಅಮ್ಮ, ಫೋನಲ್ಲಿ ಜಾಗ ಸಾಲ್ತಿರ್ಲಿಲ್ಲ..."

"ಅದಕ್ಕೆ?"

"ಅಳಿಸಿಬಿಟ್ಟೆ."

ತಾಯಿ ಎದ್ದು ಒಳಗೆ ಹೋಗಿ, ಮಂಚದ ಕೆಳಗಿನಿಂದ ಒಂದು ಬಿಸ್ಕತ್ತಿನ ಡಬ್ಬ ಎಳೆದು ತಂದಳು. ಮುಚ್ಚಳ ತೆಗೆದರೆ ಒಳಗೆಲ್ಲಾ ಫಿಲ್ಮಿನ ಚೂರುಗಳು. ಬೆರಳುದ್ದದವು, ಉಗುರಿನಷ್ಟವು, ಸುರುಳಿ ಸುತ್ತಿಕೊಂಡವು. ರೀಲು ಕಡಿದಾಗ ಕೆಟ್ಟ ಭಾಗ ಕತ್ತರಿಸಿ ಅಂಟಿಸುತ್ತಿದ್ದ ಅಪ್ಪ, ಕತ್ತರಿಸಿದ್ದನ್ನು ಒಂದು ದಿನವೂ ಕಸಕ್ಕೆ ಹಾಕಿದವನಲ್ಲ.

"ಯಾರಾದ್ರೂ ಕೇಳ್ಕೊಂಡು ಬಂದ್ರೆ ಅನ್ನೋರು. ಒಬ್ರೂ ಬರ್ಲಿಲ್ಲ. ಆದ್ರೂ ಇಟ್ಕೊಂಡಿದ್ರು," ಎಂದಳು ತಾಯಿ. "ನೀನು ಕತ್ತರಿಸಿದ ಚೂರುಗಳೂ ಹೀಗೇ ಎಲ್ಲಾದ್ರೂ ಬಿದ್ದಿರುತ್ತೇನೋ. ನೋಡೇ."

"ಇದ್ರಲ್ಲಿ ಚೂರು ಬೀಳಲ್ಲಮ್ಮ."

ತಾಯಿ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಡಬ್ಬದ ಮುಚ್ಚಳವನ್ನು ನಾಲ್ಕೂ ಮೂಲೆ ಒತ್ತಿ ಮುಚ್ಚಿ, "ಪಾತ್ರೆ ಹಾಗೇ ಬಿದ್ದಿದೆ," ಎಂದು ಅಡುಗೆಮನೆಗೆ ಹೋದಳು.

ಮಗಳು ಲ್ಯಾಪ್‌ಟಾಪ್ ತೆರೆದಳು. ಸಂಜೆ ಐದರೊಳಗೆ ಕಳಿಸಬೇಕಿದ್ದ ಹಾಳೆ ಖಾಲಿಯಾಗಿ ಕಾಯುತ್ತಿತ್ತು: 'ಈ ಅವಧಿಯಲ್ಲಿ ನೀವು ಕಲಿತದ್ದೇನು? ಒಂದು ಪುಟ ಮೀರದಂತೆ ಬರೆಯಿರಿ.' ಪಕ್ಕದಲ್ಲಿದ್ದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವಳದೇ ದುಂಡು ಅಕ್ಷರ, ಅಡಿಯಲ್ಲಿ ಕೆಂಪು ಗೆರೆ. 'ಮೂಲವನ್ನು ಮುಟ್ಟಬೇಡಿ. ಪ್ರತಿ ಮಾಡಿಕೊಂಡು ಕೆಲಸ ಶುರುಮಾಡಿ.' ಪರೀಕ್ಷೆಯಲ್ಲಿ ಇದರ ಮೇಲೇ ಒಂದು ಪ್ರಶ್ನೆ ಬಂದಿತ್ತು. ಅವಳು ಸರಿಯಾಗಿ ಬರೆದು ಪೂರ್ತಿ ಅಂಕ ತೆಗೆದಿದ್ದಳು.

'ನಾನು ಕಲಿತದ್ದು' ಎಂದು ಟೈಪ್ ಮಾಡಿ ಕೈ ತಡೆದಳು. ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತ್ತು. ಪಾತ್ರೆಯ ಸದ್ದೂ ಇರಲಿಲ್ಲ.

"ಗು," ಎಂದಿತು ತಾಯಿಯ ದನಿ, ಮೆಲ್ಲಗೆ, ಯಾರಿಗೂ ಕೇಳಿಸಬಾರದು ಎಂಬಂತೆ. "ಗು... ಗುಬ್ಬಿ."

ತುಸು ಹೊತ್ತು ಬಿಟ್ಟು ಮತ್ತೆ. ಆಮೇಲೆ ಇನ್ನೊಮ್ಮೆ. ಎಷ್ಟು ಸಲ ಹೇಳಿ ನೋಡಿದರೂ ಆ ಹೆಸರು ಎಲ್ಲೂ ಸಿಕ್ಕಿಕೊಳ್ಳದೆ ನುಣ್ಣಗೆ ಹೊರಗೆ ಬಂದುಬಿಡುತ್ತಿತ್ತು.